ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ

ತಿಪಟೂರಿನ ಹತ್ತಿರ ಸೋದರತ್ತೆಯ ಮನೆಯ ಹಿತ್ತಿಲಲ್ಲಿ ನೀರಿನ ತೊಟ್ಟಿಗೆ ಒತ್ತಿಕೊಂಡು ಕಾಡುಬಸಳೆ ಪೊದೆಯಾಗಿ ಬೆಳೆದಿದೆ. ಎಲೆ ಬಿದ್ದಲ್ಲೇ ಅಂಚಿನ ಕಚ್ಚುಗಳಿಂದ ಮರಿಗಿಡ ಏಳುತ್ತವಲ್ಲ, ಅದೇ ಗಿಡ. ಹೊತ್ತು ಮೂಡುವಾಗ ಅತ್ತೆ ಒಂದೆಲೆ ಮುರಿದು, "ನಾಲಿಗೆಗೆ ಮುಟ್ಟಿಸಿ ಉಗಿದುಬಿಡು, ನುಂಗಬೇಡ" ಎಂದರು. ಹುಣಸೆ ಚಿಗುರಿನಷ್ಟು ಹುಳಿ! ಊಟವಾದ ಮೇಲೆ ಅದೇ ಕೊಂಬೆಯ ಇನ್ನೊಂದು ಎಲೆ ಕೊಟ್ಟರು. ಬರೀ ಸಪ್ಪೆ, ಕೊನೆಗೆ ತುಸು ಒಗರು.

ನಾಲಿಗೆಯನ್ನಷ್ಟೇ ನಂಬಲು ಮನಸ್ಸಾಗದೆ, ಪರಿಚಯದ ವಿಜ್ಞಾನ ಮೇಷ್ಟರಿಂದ ಪಿಎಚ್ ಕಾಗದ ಇಸಿದುಕೊಂಡು ಬಂದು ಎಲೆಯ ರಸ ಹಿಂಡಿದೆ. ಮುಂಜಾನೆಯ ರಸ ತಾಗಿದೊಡನೆ ಕಾಗದ ಕಿತ್ತಳೆ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನದ ರಸಕ್ಕೆ ಹಳದಿಯಲ್ಲೇ ನಿಂತಿತು. ಆ ಎರಡು ಚೂರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಿನ ಖುಷಿ ಇನ್ನೂ ಇಳಿದಿಲ್ಲ.

ಈ ರುಚಿಯನ್ನು ಇನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟವನಿಗೂ ನಮ್ಮ ಬೆಂಗಳೂರಿಗೂ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅದರ ಉಸ್ತುವಾರಿ ವಹಿಸಿಕೊಂಡವನು ಜರ್ಮನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ. ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಲ್ಲೂ ಅವನಿದ್ದ. 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದ ಪತ್ರದಲ್ಲಿ, ಇದೇ ಗಿಡದ ಎಲೆ ಬೆಳಗ್ಗೆ ಹುಳಿ, ನಡುಹಗಲಿಗೆ ರುಚಿಯಿಲ್ಲ, ಸಂಜೆಗೆ ಹೆಚ್ಚುಕಡಿಮೆ ಕಹಿ ಎಂದು ತಿಳಿಸಿದ. ರಾತ್ರಿ ಎಲೆಯಲ್ಲಿ ಆಮ್ಲಜನಕ ಸೇರಿಕೊಳ್ಳುತ್ತದೆ, ಬೆಳಕು ಅದನ್ನು ಹೊರದೂಡುತ್ತದೆ ಎಂಬುದು ಅವನ ಊಹೆ. ಅನಿಲ ಬೇರೆಯಾದರೂ ಬೆಳಕಿನ ಪಾತ್ರವನ್ನು ಅವನು ಸರಿಯಾಗಿಯೇ ಗುರುತಿಸಿದ್ದ. ಉಪಕರಣವೇ ಇಲ್ಲದೆ ಇಷ್ಟು ದೂರ ಹೋದ ಈ ಮನುಷ್ಯನ ಬಗ್ಗೆ ನನಗೆ ಅಪಾರ ಅಭಿಮಾನ.

ಉಳಿದ ಚರಿತ್ರೆ ಶಾಲೆಯಲ್ಲಿ ಓದಿದ್ದೇ. 1779ರಲ್ಲಿ ಇಂಗೆನ್‌ಹೌಸ್ ಸಸ್ಯದ ಹಸಿರು ಭಾಗ ಬಿಸಿಲಿನಲ್ಲಷ್ಟೇ ಆಮ್ಲಜನಕ ಬಿಡುತ್ತದೆಂದು ತೋರಿಸಿದ. ಇಪ್ಪತ್ತನೆಯ ಶತಮಾನದ ನಡುವಿಗೆ ಬರ್ಕ್ಲಿಯಲ್ಲಿ ಕ್ಯಾಲ್ವಿನ್, ಬೆನ್ಸನ್ ತಂಡ ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಸಕ್ಕರೆಯ ಹುಟ್ಟನ್ನು ಬಿಡಿಸಿಟ್ಟಿತು. ಕ್ಯಾಲ್ವಿನ್‌ಗೆ 1961ರ ನೊಬೆಲ್ ಬಂತು.

ದ್ಯುತಿಸಂಶ್ಲೇಷಣೆಯಲ್ಲಿ ಎರಡು ಕೆಲಸಗಳಿವೆ. ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿ, ನೀರನ್ನು ಒಡೆದು ಆಮ್ಲಜನಕ ಬಿಡುತ್ತದೆ. ಆ ಶಕ್ತಿ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಅಣುಗಳಲ್ಲಿ ನೆಲೆಸುತ್ತದೆ. ಎರಡನೆಯ ಕೆಲಸ, ಆ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವುದು. ಭತ್ತ, ರಾಗಿ, ಮಾವು ಇದಕ್ಕಾಗಿ ಹಗಲಲ್ಲೇ ಪತ್ರರಂಧ್ರ ತೆರೆಯುತ್ತವೆ, ಜೊತೆಗೆ ನೀರನ್ನೂ ಕಳೆದುಕೊಳ್ಳುತ್ತವೆ. ಕಾಡುಬಸಳೆ ತಂಪು ಹೊತ್ತಾದ ರಾತ್ರಿಯಲ್ಲಿ ರಂಧ್ರ ತೆರೆದು ಅನಿಲ ಒಳಗೆಳೆದು, ಮ್ಯಾಲಿಕ್ ಆಮ್ಲವಾಗಿಸಿ ಜೀವಕೋಶದ ರಸದಾನಿಯಲ್ಲಿ ಕೂಡಿಡುತ್ತದೆ. ಹುಳಿ ಬರುವುದು ಹೀಗೆ. ಹಗಲಾದರೆ ರಂಧ್ರ ಮುಚ್ಚಿ, ಆಮ್ಲವನ್ನು ಒಡೆದು, ಸಿಕ್ಕ ಅನಿಲವನ್ನು ಬಿಸಿಲಿನ ಬಲದಿಂದ ಸಕ್ಕರೆ, ಪಿಷ್ಟ ಮಾಡುತ್ತದೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು ಭತ್ತದಂಥ ಗಿಡ 400ರಿಂದ 500 ಗ್ರಾಂ ನೀರು ಬಿಟ್ಟುಕೊಟ್ಟರೆ, ಇಂಥವು 50ರಿಂದ 100 ಗ್ರಾಂನಲ್ಲೇ ಮುಗಿಸುತ್ತವೆ. ಅನಾನಸ್, ಕತ್ತಾಳೆ, ಪಾಪಸುಕಳ್ಳಿ, ವೆನಿಲಾ ಬಳ್ಳಿ ಎಲ್ಲವೂ ಇದೇ ದಾರಿಯವು.

ನರ್ಸರಿಗಳಲ್ಲಿ ಸ್ನೇಕ್ ಪ್ಲಾಂಟನ್ನು "ರಾತ್ರಿಯೂ ಆಮ್ಲಜನಕ ಕೊಡುವ ಗಿಡ" ಎಂದು ಮಾರುತ್ತಾರೆ. ಅದೂ ಇದೇ ಜಾತಿಯ ಕಸುಬಿನದು, ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರುವುದು ನಿಜ. ಆದರೆ ಆಮ್ಲಜನಕ ಹುಟ್ಟುವುದು ನೀರು ಒಡೆದಾಗ, ನೀರು ಒಡೆಯಲು ಬೆಳಕು ಬೇಕೇಬೇಕು. ದೀಪ ಆರಿಸಿದ ಕೋಣೆಯಲ್ಲಿ ಯಾವ ಗಿಡವೂ ಅದನ್ನು ತಯಾರಿಸದು. ಗಿಡ ಚೆನ್ನಾಗಿದೆ ಎಂದು ಕೊಳ್ಳಿ, ಸುಳ್ಳು ನಂಬಿ ಕೊಳ್ಳಬೇಡಿ.

ಕಾಡುಬಸಳೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಿಷಾಂಶಗಳಿವೆ, ದನ ಮೇಯ್ದರೆ ಅಪಾಯ. ಹಾಗಾಗಿ ಶಾಲೆಯ ಮಕ್ಕಳಿಗೆ ರುಚಿ ತೋರಿಸುವುದು ಬೇಡ, ಪಿಎಚ್ ಕಾಗದವೇ ಸಾಕು. ಎರಡು ಕುಂಡಗಳನ್ನಿಟ್ಟು, ಒಂದನ್ನು ಬೆಳಕು ಹರಿಯುವ ಮುಂಚೆಯೇ ಕಪ್ಪು ಡಬ್ಬದಿಂದ ಮುಚ್ಚಲಿ. ಮಧ್ಯಾಹ್ನ ಎರಡರ ರಸವನ್ನೂ ಪರೀಕ್ಷಿಸಲಿ. ಬಿಸಿಲು ಕಂಡ ಎಲೆಯ ಹುಳಿ ಇಳಿದಿರುತ್ತದೆ, ಕತ್ತಲಲ್ಲಿದ್ದ ಎಲೆಯ ಹುಳಿ ಅಷ್ಟು ಬೇಗ ಇಳಿಯುವುದಿಲ್ಲ. ಕರಿಹಲಗೆಯ ಸಮೀಕರಣದಲ್ಲಿ ಬಾಣದ ಮೇಲೆ "ಬೆಳಕು" ಎಂದು ಏಕೆ ಬರೆಯುತ್ತೇವೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.