ಮಗಳ ಪಾಲು ಮತ್ತು ಒಕ್ಕಲು ಕುಟುಂಬ

ಸರ್ಕಾರದ ಶಾಸನಗಳು ಕಂದಾಯವನ್ನೂ ಹಿಡುವಳಿಯನ್ನೂ ಮಾತ್ರ ಗೊತ್ತುಮಾಡುತ್ತವೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ, ಮನೆಗೆ ಸೇರಿದವರು ಯಾರು, ಹೊರಗಾದವರು ಯಾರು ಎಂಬುದನ್ನೂ ಅವು ನಿರ್ಣಯಿಸುತ್ತವೆ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳ ಸ್ಥಾನವು ಬದಲಾಗಿರುವ ಬಗೆಯೇ ಇದಕ್ಕೆ ನಿದರ್ಶನವಾಗಿದೆ.

ಮಿತಾಕ್ಷರ ನ್ಯಾಯದಂತೆ ಪಿತ್ರಾರ್ಜಿತ ಜಮೀನಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದ್ದಿತು. ಮಗಳಿಗಾದರೋ ಪೋಷಣೆಯೂ ಮದುವೆಯ ವೆಚ್ಚವೂ ಮಾತ್ರ ಸಲ್ಲುತ್ತಿದ್ದುವು. ಮೈಸೂರು ಸಂಸ್ಥಾನವು ೧೯೩೩ರ ಶಾಸನದ ಮೂಲಕ, ವಿಭಾಗಕಾಲದಲ್ಲಿ ಅವಿವಾಹಿತಳಾದ ಮಗಳಿಗೆ ಸಹೋದರನ ಪಾಲಿನ ಕಾಲುಭಾಗವನ್ನು ಕೊಡಿಸಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು ಮೃತನಾದ ತಂದೆಯ ಪಾಲಿನಲ್ಲಿ ಆಕೆಯನ್ನು ಮಗನಿಗೆ ಸಮಾನಳನ್ನಾಗಿ ಮಾಡಿತು. ಕರ್ನಾಟಕದ ೧೯೯೪ರ ತಿದ್ದುಪಡಿಯು, ಅದಕ್ಕೆ ಮೊದಲು ಮದುವೆಯಾಗದಿದ್ದ ಮಗಳಿಗೆ ಹುಟ್ಟಿನ ಹಕ್ಕನ್ನೇ ಕೊಟ್ಟಿತು. ೨೦೦೫ನೇ ಸೆಪ್ಟೆಂಬರು ೯ರಿಂದ ದೇಶಕ್ಕೆಲ್ಲ ಅನ್ವಯಿಸಿದ ತಿದ್ದುಪಡಿಯಿಂದ ಮದುವೆಯ ಭೇದವೂ ಹೋಯಿತು. ಆ ದಿನಕ್ಕೆ ಮೊದಲೇ ತಂದೆಯು ಕಾಲವಾಗಿದ್ದರೂ ಈ ಹಕ್ಕಿಗೆ ಬಾಧಕವಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ತೀರ್ಪಿತ್ತಿತು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇರುವ ಕುಟುಂಬಕ್ಕೆ ೬ ಎಕರೆ ಪಿತ್ರಾರ್ಜಿತ ಜಮೀನಿದ್ದು, ತಂದೆಯು ಉಯಿಲು ಬರೆಯದೆ ಮೃತನಾದನೆಂದು ಭಾವಿಸೋಣ. ತಂದೆಮಕ್ಕಳ ವಿಭಾಗದಲ್ಲಿ ತಾಯಿಗೆ ಪಾಲಿಲ್ಲದ ಸೀಮೆಗಳಲ್ಲಿ, ೧೯೫೬ರ ಕ್ರಮದಂತೆ ಪ್ರತಿಯೊಬ್ಬ ಮಗನಿಗೆ ೨ ಎಕರೆ ೨೦ ಗುಂಟೆಯೂ, ಮಗಳಿಗೂ ತಾಯಿಗೂ ತಲಾ ೨೦ ಗುಂಟೆಯೂ ಬರುತ್ತಿದ್ದುವು. ೨೦೦೫ರ ಕ್ರಮದಂತೆ ಮೂವರು ಮಕ್ಕಳಿಗೂ ತಲಾ ೧ ಎಕರೆ ೩೫ ಗುಂಟೆ ಸಲ್ಲುವುದು. ತಾಯಿಗೆ ಉಳಿಯುವುದು ೧೫ ಗುಂಟೆ ಮಾತ್ರ. ಆದುದರಿಂದ ಯಜಮಾನನು ತನ್ನ ಪಾಲನ್ನು ಕುರಿತು ಉಯಿಲು ಬರೆದು ಪತ್ನಿಯ ವೃದ್ಧಾಪ್ಯಕ್ಕೆ ಆಧಾರ ಕಲ್ಪಿಸುವುದು ಯುಕ್ತ.

ಮಗಳಿಗೆ ಪಾಲು ಕೊಟ್ಟರೆ ಹೊಲವು ತುಂಡಾಗಿ ಪರರ ಕೈಸೇರುವುದೆಂಬ ಆತಂಕವು ಹಲವೆಡೆ ಇದೆ. ಆದರೆ ಹೊಲವು ಇಬ್ಬರು ಗಂಡುಮಕ್ಕಳಲ್ಲಿ ಹಂಚಿದರೂ ತುಂಡಾಗತಕ್ಕದ್ದೇ. ಹಕ್ಕು ಹಂಚಿದ ಮಾತ್ರಕ್ಕೆ ಬೇಸಾಯವನ್ನು ಹಂಚಬೇಕಾದುದೂ ಇಲ್ಲ. ಪೋಡಿ ಮಾಡಿಸದೆ ಒಟ್ಟಾಗಿ ಸಾಗುವಳಿ ಮಾಡಿ ಫಸಲನ್ನು ಪಾಲಿನಂತೆ ಹಂಚಿಕೊಳ್ಳಬಹುದು. ತಂದೆಯಿಂದ ವಾರಸಾಗಿ ಬಂದ ಅಂಶವನ್ನು ಒಬ್ಬರು ಮಾರಬಯಸಿದರೆ, ಅದನ್ನು ಕೊಳ್ಳಲು ಸಹವಾರಸುದಾರರಿಗೆ ಮೊದಲ ಹಕ್ಕನ್ನು ೧೯೫೬ರ ಶಾಸನದ ೨೨ನೇ ಪ್ರಕರಣವು ಕೊಡುತ್ತದೆ. ಇದು ವ್ಯವಸಾಯದ ಜಮೀನಿಗೂ ಅನ್ವಯಿಸುವುದೆಂದು ೨೦೧೯ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಕುಟುಂಬದ ನೆಮ್ಮದಿಗೆ ಭಂಗ ಬರುವುದು ಪಾಲಿನಿಂದಲ್ಲ, ಮರೆಮಾಚುವಿಕೆಯಿಂದ. ಮಗಳ ಹೆಸರನ್ನು ವಂಶವೃಕ್ಷದಲ್ಲಿ ಬಿಟ್ಟುಬಿಡುವುದು, ಅರಿಸಿನ ಕುಂಕುಮಕ್ಕೆಂದು ಕೊಟ್ಟ ಸೀರೆ ಒಡವೆಗಳನ್ನೇ ಪಾಲೆಂದು ಎಣಿಸುವುದು, ಹಬ್ಬಕ್ಕೆ ಕರೆದು ವಿಷಯ ತಿಳಿಸದೆ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದು, ಇವುಗಳಿಂದ ತವರಿನ ಬಾಂಧವ್ಯವೇ ಕೆಡುವುದು. ವ್ಯಾಜ್ಯ ಹೂಡಿದ ಮೇಲೆ ಜಮೀನು ಬೀಳುಬಿದ್ದು, ಬೆಳೆಯ ಹಣವು ಕೋರ್ಟಿನ ಖರ್ಚಿಗೆ ಹೋಗುವುದು.

ಊರಿನ ಯಜಮಾನರು ಪಂಚಾಯಿತಿಯಲ್ಲಿ ಬಾಯಿಮಾತಿನಿಂದ ಮಾಡಿಸುವ ವಿಭಾಗವನ್ನು, ಸಾರ್ವಜನಿಕ ದಾಖಲೆಗಳ ಬಲವಿರುವ ಅಪರೂಪದ ಸಂದರ್ಭಗಳ ಹೊರತು, ಮಗಳ ಹಕ್ಕಿಗೆ ವಿರುದ್ಧವಾಗಿ ಒಪ್ಪಲಾಗದೆಂದು ಅದೇ ೨೦೨೦ರ ತೀರ್ಪು ಹೇಳಿದೆ. ೨೦೦೪ನೇ ಡಿಸೆಂಬರು ೨೦ಕ್ಕೆ ಮೊದಲು ರಿಜಿಸ್ಟರಾದ ಪತ್ರದಿಂದಾಗಲಿ ಡಿಕ್ರಿಯಿಂದಾಗಲಿ ನಡೆದ ವಿಭಾಗಗಳು ಮಾತ್ರ ನಿರ್ಬಾಧವಾಗಿ ನಿಲ್ಲುವುವು. ಆದಕಾರಣ ವಿಭಾಗವಾಗಬೇಕಾದ ಮನೆಗಳಲ್ಲಿ ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿ, ಪಾಲಿಗೆ ಜಮೀನು ಬೇಕೋ ಹಣ ಬೇಕೋ ಎಂದು ಅವರ ಬಾಯಿಂದಲೇ ಕೇಳಿ, ಒಪ್ಪಿದ ವಿಭಾಗಪತ್ರವನ್ನು ರಿಜಿಸ್ಟರು ಮಾಡಿಸಿ, ಖಾತೆಗಳನ್ನು ಬದಲಾಯಿಸತಕ್ಕದ್ದು. ಹಿರಿಯರು ಬದುಕಿರುವಾಗಲೇ ಈ ಕೆಲಸವನ್ನು ಪೂರೈಸಿದ ಮನೆಗಳಲ್ಲಿ ಹೊಲವೂ ಉಳಿಯುವುದು, ತವರೂ ಉಳಿಯುವುದು.