ಬಣ್ಣಕ್ಕೆ ಮರುಳಾಗದೆ ಮಸಾಲೆ ಕೊಳ್ಳುವುದು ಹೇಗೆ?

ಗೋಕಾಕ: ಬೇಸಿಗೆ ಕಾಲಿಡುತ್ತಿದ್ದಂತೆ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ಭಾಗದ ಮನೆಗಳಲ್ಲಿ ವರ್ಷಕ್ಕೆ ಸಾಲುವಷ್ಟು ಮಸಾಲೆ ಖಾರ ಸಿದ್ಧಪಡಿಸುವ ಕೆಲಸ ಆರಂಭವಾಗುತ್ತದೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತದೆ. ಖಾರ ಕುಟ್ಟುವ ಗಿರಣಿಗಳ ಮುಂದೆ ಡಬ್ಬಿಗಳ ಸಾಲು ಬೆಳೆಯುತ್ತದೆ. ಒಂದು ದಿನದ ಖರೀದಿ ಇಡೀ ವರ್ಷದ ಅಡುಗೆಯನ್ನು ನಿರ್ಧರಿಸುತ್ತದೆ. ಅಂದು ಕಲಬೆರಕೆಯ ಸರಕು ಮನೆ ಸೇರಿದರೆ, ಮಕ್ಕಳಾದಿಯಾಗಿ ಎಲ್ಲರೂ ಅದನ್ನು ಹನ್ನೆರಡು ತಿಂಗಳು ಉಣ್ಣಬೇಕಾಗುತ್ತದೆ.

ಖರೀದಿಯಲ್ಲಿ ಬಹುತೇಕರು ನೆಚ್ಚಿಕೊಳ್ಳುವುದು ಬಣ್ಣವನ್ನು. ಕಲಬೆರಕೆ ಮಾಡುವವರಿಗೆ ಅತ್ಯಂತ ಸುಲಭವಾಗಿ ಸೇರಿಸಲು ಬರುವುದೂ ಬಣ್ಣವೇ. ಹೀಗಾಗಿ ಕಣ್ಣಿಗಿಂತ ಮೂಗು ಮತ್ತು ಬೆರಳುಗಳನ್ನು ನಂಬುವುದು ಲೇಸು.

ಒಂದು ಡಬ್ಬಿಯಲ್ಲಿ ಹಲವು ದೇಶ

ಮಸಾಲೆ ಖಾರದಲ್ಲಿ ಮೆಣಸಿನಕಾಯಿಯೊಂದಿಗೆ ಹವೀಜ, ಜೀರಿಗೆ, ಒಣ ಕೊಬ್ಬರಿ, ಬಳ್ಳೊಳ್ಳಿ, ಅರಿಷಿಣ, ಇಂಗು, ಲವಂಗ, ದಾಲ್ಚಿನ್ನಿ, ಚಕ್ರಮೊಗ್ಗು, ಕಲ್ಲುಹೂವು ಸೇರುತ್ತವೆ. ಇವುಗಳಲ್ಲಿ ಇಂಗಿನ ತವರು ಅಫ್ಘಾನಿಸ್ತಾನ ಮತ್ತು ಇರಾನ್. ಲವಂಗದ ಮೂಲ ಇಂಡೋನೇಷ್ಯಾದ ಮಲುಕು ದ್ವೀಪಗಳು. ಚಕ್ರಮೊಗ್ಗು ಬೆಳೆಯುವುದು ದಕ್ಷಿಣ ಚೀನಾ ಹಾಗೂ ವಿಯೆಟ್ನಾಂಗಳಲ್ಲಿ. ಇಂದು ಏಷ್ಯಾದ ಅಡುಗೆಯಿಂದ ಬೇರ್ಪಡಿಸಲಾಗದ ಮೆಣಸಿನಕಾಯಿಯಾದರೋ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದದ್ದು. ಆದರೆ ಖಾರದ ಗುಣವನ್ನು ನಿರ್ಧರಿಸುವ ಎರಡು ಮುಖ್ಯ ಪದಾರ್ಥಗಳಾದ ಮೆಣಸಿನಕಾಯಿ ಮತ್ತು ಅರಿಷಿಣ ಈ ಭಾಗದ ರೈತರಿಗೆ ಚಿರಪರಿಚಿತ ಬೆಳೆಗಳು.

ಕೆಂಪಿಗೊಂದು, ಖಾರಕ್ಕೊಂದು

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರನ್ನೇ ಹೊತ್ತ ಸಂಕೇಶ್ವರಿ ಮೆಣಸಿನಕಾಯಿ ತನ್ನ ಖಾರಕ್ಕೆ ಪ್ರಸಿದ್ಧ. ನೆರೆಯ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ್ ಮಾರುಕಟ್ಟೆಯಲ್ಲೂ ಇದಕ್ಕೆ ಹೆಸರಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ತಳಿಯ ಗುಣ ಬೇರೆ. ಸುಕ್ಕುಗಟ್ಟಿದ ಸಿಪ್ಪೆ, ಗಾಢ ಕೆಂಪು ಬಣ್ಣ, ಕಡಿಮೆ ಖಾರ. ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಎಂದು ಎರಡನ್ನೂ ಕೂಡಿಸುವ ರೂಢಿಯ ಹಿಂದಿನ ಲೆಕ್ಕಾಚಾರ ಇದೇ. ಬ್ಯಾಡಗಿ ಹೆಚ್ಚಿದ್ದರೆ ಮೇಲೋಗರ ಕೆಂಪಾಗಿದ್ದರೂ ಉಣ್ಣಲು ಹಿತವಾಗಿರುತ್ತದೆ.

ಚೆನ್ನಾಗಿ ಒಣಗಿದ ಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜ ಸದ್ದು ಮಾಡುತ್ತದೆ. ಹಿಡಿದಾಗ ತಣ್ಣಗೆ, ಮೆತ್ತಗೆ ಅನಿಸಿದರೆ ತೇವ ಉಳಿದಿದೆ ಎಂದರ್ಥ. ಇಂಥ ಕಾಯಿ ತೂಕದಲ್ಲಿ ನಷ್ಟವಷ್ಟೇ ಅಲ್ಲ. ಅದಕ್ಕೆ ಬೂಷ್ಟು ಹಿಡಿದು, ಯಕೃತ್ತಿಗೆ ಹಾನಿಕರವಾದ ಅಫ್ಲಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗಬಹುದು. ಕುಟ್ಟಿ ಪುಡಿ ಮಾಡಿದರೂ, ಹುರಿದರೂ ಆ ವಿಷ ಪೂರ್ತಿ ನಾಶವಾಗುವುದಿಲ್ಲ. ಕಪ್ಪು ಕಲೆ ಬಿದ್ದ, ಒಳಗೆ ಬೂಷ್ಟು ಕಂಡ ಕಾಯಿಗಳನ್ನು ಆರಿಸಿ ಎಸೆಯುವುದೇ ಸರಿ.

ಪುಡಿಯಲ್ಲಿ ಅಪಾಯ ಇನ್ನೂ ಹೆಚ್ಚು. 2005ರ ಫೆಬ್ರವರಿಯಲ್ಲಿ ಸುಡಾನ್–1 ಎಂಬ ಕೈಗಾರಿಕಾ ಬಣ್ಣ ಬೆರೆತ ಮೆಣಸಿನ ಪುಡಿ ಬಳಕೆಯಾಗಿದ್ದ ಕಾರಣ ಬ್ರಿಟನ್ನಿನಲ್ಲಿ ನೂರಾರು ಬಗೆಯ ಆಹಾರ ಪದಾರ್ಥಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಗಿತ್ತು. ಸಂದೇಹ ಬಂದರೆ ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ ನೋಡಬಹುದು. ನೀರಿನಲ್ಲಿ ಕರಗುವ ಕೃತಕ ಬಣ್ಣವಿದ್ದರೆ ಅದು ಗೆರೆಗೆರೆಯಾಗಿ ಕೆಳಗಿಳಿಯುತ್ತದೆ. ಆದರೆ ಸುಡಾನ್ ಎಣ್ಣೆಯಲ್ಲಿ ಕರಗುವ ಬಣ್ಣವಾದ್ದರಿಂದ ಈ ಪರೀಕ್ಷೆಗೆ ಸಿಗದೆಹೋಗಬಹುದು. ಕಾಯಿ ಕೊಂಡು ಕುಟ್ಟಿಸುವುದು ಉತ್ತಮ ಎನ್ನಲು ಇದೂ ಒಂದು ಕಾರಣ.

ಹೊಳೆಯುವುದೆಲ್ಲ ಒಳ್ಳೆಯ ಅರಿಷಿಣವಲ್ಲ

ಘಟಪ್ರಭಾ ನೀರಾವರಿಯ ಮೂಡಲಗಿ, ಗೋಕಾಕ ಭಾಗದ ಹೊಲಗಳಲ್ಲಿ ಕಬ್ಬಿನ ಜೊತೆಗೆ ಅರಿಷಿಣವೂ ಬೆಳೆಯುತ್ತದೆ. ಬೆಳಗಾವಿ ಜಿಲ್ಲೆಯ ರೈತರ ಸರಕು ಮಹಾರಾಷ್ಟ್ರದ ಸಾಂಗ್ಲಿ ಪೇಟೆಗೂ ಹೋಗುತ್ತದೆ. ಅಗೆದ ಗಡ್ಡೆಯನ್ನು ಬೇಯಿಸಿ, ಬಿಸಿಲಲ್ಲಿ ಒಣಗಿಸಿ, ಬಳಿಕ ತಿಕ್ಕಿ ನುಣುಪು ಮಾಡಲಾಗುತ್ತದೆ. ಕೃತಕ ಹೊಳಪು ಸೇರುವ ಅವಕಾಶ ಇರುವುದು ಈ ಕೊನೆಯ ಹಂತದಲ್ಲಿ.

ಬಾಂಗ್ಲಾದೇಶದ ಅನುಭವ ಇಲ್ಲಿ ಪಾಠವಾಗಬೇಕು. 1980ರ ದಶಕದಲ್ಲಿ ಪ್ರವಾಹದಿಂದ ಒದ್ದೆಯಾಗಿ ಕಳೆಗುಂದಿದ ಅರಿಷಿಣಕ್ಕೆ ಹೊಳಪು ಕೊಡಲು ಅಲ್ಲಿ ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಬಣ್ಣ ಹಚ್ಚುವ ಪರಿಪಾಠ ಶುರುವಾಯಿತು. ಗ್ರಾಹಕರು ಹೊಳಪನ್ನೇ ಬಯಸಿದ್ದರಿಂದ ಅದು ಮುಂದುವರಿಯಿತು. 2019ರಲ್ಲಿ ಅಲ್ಲಿ ಪರೀಕ್ಷಿಸಿದ ಮಾದರಿಗಳ ಪೈಕಿ ಶೇ. 47ರಲ್ಲಿ ಸೀಸ ಪತ್ತೆಯಾಗಿತ್ತು. ಜನಜಾಗೃತಿ ಮತ್ತು ಕಟ್ಟುನಿಟ್ಟಿನ ಕ್ರಮಗಳ ಫಲವಾಗಿ 2021ರ ವೇಳೆಗೆ ಅದು ಸೊನ್ನೆಗೆ ಇಳಿಯಿತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಅದರ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ.

ಆದ್ದರಿಂದ ಕಣ್ಣು ಕುಕ್ಕುವ ಹಳದಿ ಕೊಂಬಿಗಿಂತ ತುಸು ಮಂಕಾದ, ಮುರಿದಾಗ ಒಳಗೆ ಕಿತ್ತಳೆ ಛಾಯೆ ತೋರುವ, ಘಮ್ಮೆನ್ನುವ ಕೊಂಬು ಮೇಲು. ಇಡೀ ಕೊಂಬನ್ನು ನೀರಿಗೆ ಹಾಕಿದೊಡನೆ ಬಣ್ಣ ಬಿಟ್ಟರೆ ಸಂದೇಹಪಡಬೇಕು. ಇದು ಪ್ರಾಥಮಿಕ ಪರೀಕ್ಷೆ ಮಾತ್ರ. ಸೀಸದ ಪ್ರಮಾಣ ತಿಳಿಯುವುದು ಪ್ರಯೋಗಾಲಯದಲ್ಲೇ. ಗ್ರಾಹಕರು ಹೊಳಪಿಗೆ ಹೆಚ್ಚು ಬೆಲೆ ಕೊಡುವುದನ್ನು ಬಿಟ್ಟರೆ, ಬಣ್ಣ ಹಚ್ಚದ ರೈತನಿಗೂ ನ್ಯಾಯ ಸಿಗುತ್ತದೆ.

ಉಳಿದ ಸಾಮಗ್ರಿಗೂ ಸುಲಭ ಪರೀಕ್ಷೆಗಳಿವೆ. ಜೀರಿಗೆಯನ್ನು ಅಂಗೈಯಲ್ಲಿ ತಿಕ್ಕಿದಾಗ ಕಪ್ಪು ಮಸಿ ಅಂಟಬಾರದು. ಕಾಳುಮೆಣಸಿನಲ್ಲಿ ಪಪ್ಪಾಯಿ ಬೀಜ ಬೆರೆತಿದ್ದರೆ ಅದು ನೀರಿನಲ್ಲಿ ತೇಲುತ್ತದೆ. ಎಣ್ಣೆ ತೆಗೆದ ಲವಂಗ ಸಣ್ಣದಾಗಿ ಮುರುಟಿರುತ್ತದೆ. ಉಗುರಿನಿಂದ ಒತ್ತಿದರೂ ಜಿಡ್ಡು ಕಾಣದು.

ಬಳಸುವ ಬಗೆ

ಮಸಾಲೆಯ ಪರಿಮಳವೆಲ್ಲ ಅದರ ಸುಗಂಧ ತೈಲದಲ್ಲಿದೆ. ಪುಡಿಯಾದೊಡನೆ ಅದು ಹಾರಿಹೋಗತೊಡಗುವುದರಿಂದ ಲವಂಗ, ದಾಲ್ಚಿನ್ನಿಗಳನ್ನು ಇಡಿಯಾಗಿಯೇ ಕೊಂಡು ಆಗಾಗ ಪುಡಿ ಮಾಡಿಕೊಳ್ಳುವುದು ಮೇಲು. ಹುರಿಯುವಾಗ ಪ್ರತಿಯೊಂದನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು; ಜೀರಿಗೆ ಹೊತ್ತುವ ಹೊತ್ತಿಗೆ ಹವೀಜ ಇನ್ನೂ ಹಸಿಯಾಗಿಯೇ ಇರುತ್ತದೆ. ಮೆಣಸಿನ ಖಾರ, ಅರಿಷಿಣದ ಬಣ್ಣ ಎರಡೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತವೆ. ಎಣ್ಣೆಗಾಯಿಗೆ ಖಾರವನ್ನು ಎಣ್ಣೆಯಲ್ಲಿ ಕಲಸಿ ತುಂಬುವುದರ ಗುಟ್ಟು ಇದು. ಕರಿಬೇವು ಕಾದ ಎಣ್ಣೆಗೆ ಬೀಳಬೇಕು. ಕೊತ್ತಂಬರಿ ಸೊಪ್ಪು ಒಲೆಯಿಂದ ಇಳಿಸಿದ ಮೇಲೆ.

ಕುಟ್ಟಿಸಿ ತಂದ ಖಾರ ಪೂರ್ತಿ ಆರಿದ ಬಳಿಕವೇ ಭರಣಿಗೆ ತುಂಬಿ, ನಡುನಡುವೆ ಇಂಗಿನ ಹರಳಿಟ್ಟು ಬಾಯಿ ಬಿಗಿಯುವುದು ರೂಢಿ. ಒದ್ದೆ ಚಮಚ ಸೋಕದಿದ್ದರೆ ಅದು ಮುಂದಿನ ಬೇಸಿಗೆಯವರೆಗೆ ಬಾಳುತ್ತದೆ.

ಕಾನೂನಿನ ನೆರವು

ಪೊಟ್ಟಣದ ಪುಡಿ ಕೊಳ್ಳುವುದು ಅನಿವಾರ್ಯವಾದರೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕವನ್ನು ನೋಡಬೇಕು. ಬಿಲ್ ಕೇಳಿ ಪಡೆಯಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡ ಪದಾರ್ಥವನ್ನು ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ವರ್ಷದ ಖಾರವನ್ನು ಒಮ್ಮೆಗೇ ಕೊಳ್ಳುವ ಕುಟುಂಬಗಳು, ಸಂದೇಹ ಬಂದಾಗ ಈ ಹಕ್ಕನ್ನು ಕುಟ್ಟಿಸುವ ಮೊದಲೇ ಬಳಸಿಕೊಳ್ಳುವುದು ಕ್ಷೇಮ.