ರೈಲು ಮಾರ್ಗ ಮತ್ತು ಡಿಪೋಗಳ ಛಾಯಾಚಿತ್ರ ದಾಖಲೀಕರಣ: ದಕ್ಷಿಣ ಬೆಂಗಳೂರನ್ನು ಕುರಿತು

ಪೀಠಿಕೆ

ಕರ್ನಾಟಕದ ಇತಿಹಾಸ ರಚನೆಯಲ್ಲಿ ಶಾಸನ, ತಾಳೆಗರಿ, ಕಡತ ಮತ್ತು ಮೌಖಿಕ ಪರಂಪರೆಗಳಿಗೆ ದೊರೆತಿರುವ ಆಕರದ ಸ್ಥಾನ ಛಾಯಾಚಿತ್ರಕ್ಕೆ ಇನ್ನೂ ಪೂರ್ಣವಾಗಿ ದೊರೆತಿಲ್ಲ. ಗ್ರಂಥಗಳಲ್ಲಿ ಅದು ಬಹುಮಟ್ಟಿಗೆ ಬರವಣಿಗೆಯ ಅಲಂಕಾರವಾಗಿ ಬರುತ್ತದೆ. ಪ್ರಶ್ನಿಸಿ ಉತ್ತರ ಪಡೆಯಬೇಕಾದ ದಾಖಲೆಯಾಗಿ ಬರುವುದು ವಿರಳ. ರೈಲು ಮಾರ್ಗ, ಲೋಕೋ ಶೆಡ್, ಡಿಪೋ, ದುಡಿಯುವ ನೌಕೆ ಇವುಗಳ ವಿಷಯದಲ್ಲಿ ಈ ಕೊರತೆ ಹೆಚ್ಚು ಎದ್ದು ಕಾಣುತ್ತದೆ. ದೇವಾಲಯವೋ ಅರಮನೆಯೋ ಶತಮಾನಗಳ ಕಾಲ ನಿಂತಲ್ಲೇ ನಿಂತಿರುತ್ತದೆ. ಎಂಜಿನ್ನು ಹಾಗಲ್ಲ. ಅದು ಸ್ಥಳ ಬದಲಿಸುತ್ತದೆ, ಪ್ರತಿ ದುರಸ್ತಿಯಲ್ಲೂ ರೂಪ ಬದಲಿಸುತ್ತದೆ, ಕೊನೆಗೆ ಗುಜರಿಗೆ ಸೇರುತ್ತದೆ. ಅದರೊಡನೆ ಅದನ್ನು ನಡೆಸುತ್ತಿದ್ದವರ ಕೆಲಸದ ಕ್ರಮವೂ ಮರೆಯಾಗುತ್ತದೆ.

ಈ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನದಲ್ಲಿ ರೈಲು ಛಾಯಾಚಿತ್ರವು ಆಕರವಾಗುವುದು ಹೇಗೆ ಎಂಬುದನ್ನು ದಕ್ಷಿಣ ಬೆಂಗಳೂರಿನ ಸಂದರ್ಭದಲ್ಲಿ ಪರಿಶೀಲಿಸಲಾಗಿದೆ.

ಹಳಿಗಳ ನಡುವಣ ಪ್ರದೇಶ

ಬೆಂಗಳೂರಿಗೆ ರೈಲು ಬಂದುದು 1864ರ ಆಗಸ್ಟ್ 1ರಂದು. ಮದರಾಸು ರೈಲ್ವೆಯ ಬ್ರಾಡ್ ಗೇಜ್ ಮಾರ್ಗ ಅಂದು ಜೋಲಾರ್‌ಪೇಟೆಯಿಂದ ದಂಡು ಪ್ರದೇಶವನ್ನು ಮುಟ್ಟಿತು. 1876-78ರ ಭೀಕರ ಕ್ಷಾಮದ ಕಾಲಕ್ಕೆ ಆರಂಭವಾದ ಬೆಂಗಳೂರು-ಮೈಸೂರು ಮೀಟರ್ ಗೇಜ್ ಮಾರ್ಗ 1882ರ ವೇಳೆಗೆ ಪೂರ್ಣಗೊಂಡಿತು. 1910ರ ದಶಕದಲ್ಲಿ ಯಲಹಂಕ, ದೇವನಹಳ್ಳಿಗಳ ಮೂಲಕ ಚಿಕ್ಕಬಳ್ಳಾಪುರದ ಕಡೆಗೆ ನ್ಯಾರೋ ಗೇಜ್ ಮಾರ್ಗವೂ ಬಂದುದರಿಂದ ಒಂದೇ ಊರಿನ ಸುತ್ತ ಮೂರು ಅಳತೆಯ ಹಳಿಗಳು ಹರಡಿದವು.

ಇವುಗಳಲ್ಲಿ ಯಾವುದೂ ಇಂದಿನ ದಕ್ಷಿಣ ಬೆಂಗಳೂರನ್ನು ಹಾದುಹೋಗಲಿಲ್ಲ. ಮೈಸೂರು ಮಾರ್ಗ ಕೆಂಗೇರಿಯ ಕಡೆಗೆ ಪಶ್ಚಿಮಕ್ಕೂ, ಹೊಸೂರು-ಸೇಲಂ ಮಾರ್ಗ ಪೂರ್ವಕ್ಕೂ ಸರಿದುವು. 1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರ, ಅನಂತರ ಬೆಳೆದ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಈ ಎರಡು ಹಳಿಗಳ ನಡುವಣ ಪ್ರದೇಶದಲ್ಲಿ ರೂಪುಗೊಂಡವು. ಇಲ್ಲಿಗೆ ಹಳಿ ಬಂದುದು 'ನಮ್ಮ ಮೆಟ್ರೋ' ಮೂಲಕ. 2017ರ ಜೂನ್ 18ರಂದು ಹಸಿರು ಮಾರ್ಗ ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಯವರೆಗೆ ತೆರೆಯಿತು. 2021ರ ಜನವರಿಯಲ್ಲಿ ಅದು ರೇಷ್ಮೆ ಸಂಸ್ಥೆಯವರೆಗೆ ವಿಸ್ತರಿಸಿತು. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆಗಳ ಮೂಲಕ ಬೊಮ್ಮಸಂದ್ರಕ್ಕೆ ಸಾಗುವ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡಿತು. ಅದರ ಉದ್ದ 19.15 ಕಿ.ಮೀ., ನಿಲ್ದಾಣಗಳು 16. ನಗರದ ಹಳೆಯ ಭಾಗಗಳಿಗೆ ಹಳಿ ಬಂದಾಗ ಕ್ಯಾಮೆರಾ ಕೆಲವರ ಕೈಯಲ್ಲಷ್ಟೇ ಇತ್ತು. ದಕ್ಷಿಣ ಬೆಂಗಳೂರಿಗೆ ಹಳಿ ಬರುವಾಗ ಅದು ಎಲ್ಲರ ಕೈಗೂ ಬಂದಿತ್ತು. ಆದ್ದರಿಂದ ಇಲ್ಲಿನ ಸಮಸ್ಯೆ ಚಿತ್ರಗಳ ಅಭಾವವಲ್ಲ, ವಿವರಗಳ ಅಭಾವ.

ಚಿತ್ರವನ್ನು ಓದುವ ಬಗೆ

ರೈಲು ಛಾಯಾಚಿತ್ರಕ್ಕೆ ಇತರ ಚಿತ್ರಗಳಿಗಿಲ್ಲದ ಒಂದು ಅನುಕೂಲವಿದೆ. ಅದರೊಳಗೇ ಅಳತೆಗೋಲು ಇರುತ್ತದೆ. ಹಳಿಗಳ ಒಳ ಅಂಚುಗಳ ನಡುವಣ ಅಂತರ ಬ್ರಾಡ್ ಗೇಜಿನಲ್ಲಿ 1676 ಮಿ.ಮೀ., ಮೀಟರ್ ಗೇಜಿನಲ್ಲಿ 1000 ಮಿ.ಮೀ., ನಮ್ಮ ಮೆಟ್ರೋದ ಸ್ಟ್ಯಾಂಡರ್ಡ್ ಗೇಜಿನಲ್ಲಿ 1435 ಮಿ.ಮೀ. ಹಳಿಗೆ ಎದುರಾಗಿ ನಿಂತು ತೆಗೆದ ಚಿತ್ರದಲ್ಲಿ ಈ ಅಂತರವನ್ನು ಆಧರಿಸಿ, ಅಷ್ಟೇ ದೂರದಲ್ಲಿರುವ ಪ್ಲಾಟ್‌ಫಾರಂ, ಶೆಡ್ಡಿನ ಬಾಗಿಲು, ಗಾಡಿಯ ಅಗಲಗಳನ್ನು ಅಂದಾಜಿಸಬಹುದು. ಗೇಜ್ ಕಾಲವನ್ನೂ ಸೂಚಿಸುತ್ತದೆ: ಮೈಸೂರು ಮಾರ್ಗದಲ್ಲಿ ಮೀಟರ್ ಗೇಜ್ ಕಂಡರೆ ಆ ಚಿತ್ರ ಗೇಜ್ ಪರಿವರ್ತನೆಗೆ ಹಿಂದಿನದು.

ನಾಮಫಲಕಗಳದು ಇನ್ನೊಂದು ಬಗೆಯ ಸಾಕ್ಷ್ಯ. ಕ್ಲೋಸ್‌ಪೇಟೆ ರಾಮನಗರವಾಯಿತು, ಫ್ರೆಂಚ್ ರಾಕ್ಸ್ ಪಾಂಡವಪುರವಾಯಿತು, ಬೌರಿಂಗ್‌ಪೇಟೆ ಬಂಗಾರಪೇಟೆಯಾಯಿತು. ನಗರ ನಿಲ್ದಾಣದ ಫಲಕದಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದ್ದರೆ ಚಿತ್ರ 2016ಕ್ಕಿಂತ ಹಿಂದಿನದಾಗಲಾರದು. ಹೀಗಾಗಿ ಗ್ರಂಥಾಲಯದ ಸೂಚಿಯಲ್ಲಿ ಚಿತ್ರದಲ್ಲಿರುವ ಹೆಸರನ್ನು ಇದ್ದಂತೆಯೇ ದಾಖಲಿಸಿ, ಇಂದಿನ ಹೆಸರನ್ನು ಪ್ರತ್ಯೇಕವಾಗಿ ನೀಡುವುದು ಅಗತ್ಯ. ಹಳೆಯದನ್ನು ಅಳಿಸಿ ಹೊಸದನ್ನಷ್ಟೇ ಬರೆದರೆ ಕಾಲನಿರ್ಣಯದ ಒಂದು ಆಧಾರವೇ ಮರೆಯಾಗುತ್ತದೆ.

ಮೆಟ್ರೋ ಚಿತ್ರಗಳನ್ನು ಓದುವಾಗಲೂ ಇಂಥ ತಿಳಿವಳಿಕೆ ಬೇಕು. ನಮ್ಮ ಮೆಟ್ರೋಗೆ 750 ವೋಲ್ಟ್ ನೇರ ವಿದ್ಯುತ್ ಹಳಿಗಳ ಪಕ್ಕದ ಮೂರನೆಯ ಹಳಿಯಿಂದ ಪೂರೈಕೆಯಾಗುತ್ತದೆ. ಇದನ್ನರಿಯದ ಮುಂದಿನ ಓದುಗನು ಮೇಲೆ ತಂತಿಯಿಲ್ಲದ ಮಾರ್ಗದ ಚಿತ್ರವನ್ನು ಕಾಮಗಾರಿ ಮುಗಿಯದ ಮಾರ್ಗದ ಚಿತ್ರವೆಂದು ತಪ್ಪಾಗಿ ಗ್ರಹಿಸಬಹುದು.

ಪೂರ್ವಮಾದರಿಗಳು

ಬ್ರಿಟನ್ನಿನ ಎಂಜಿನ್ ಕಾರ್ಖಾನೆಗಳು ಹೊಸ ಎಂಜಿನ್ನಿನ ಅಧಿಕೃತ ಚಿತ್ರಕ್ಕಾಗಿ ಅದಕ್ಕೆ ಹೊಳಪಿಲ್ಲದ ಬೂದು ಬಣ್ಣ ಬಳಿಯುತ್ತಿದ್ದವು. ಇದರಿಂದ ಬೆಳಕಿನ ಪ್ರತಿಫಲನ ತಗ್ಗಿ ಪ್ರತಿಯೊಂದು ಭಾಗವೂ ಸ್ಪಷ್ಟವಾಗಿ ಮೂಡುತ್ತಿತ್ತು. ರಚನೆಯನ್ನು ತಿಳಿಯಲು ಈ ಚಿತ್ರಗಳು ಅಮೂಲ್ಯ. ಆದರೆ ಅವುಗಳಲ್ಲಿ ಮಸಿಯಿಲ್ಲ, ಕಲ್ಲಿದ್ದಲಿಲ್ಲ, ಕೆಲಸಗಾರನಿಲ್ಲ. ಅವು ದುಡಿಮೆಗೆ ಇಳಿಯದ ಯಂತ್ರದ ಚಿತ್ರಗಳು.

ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಎಂಜಿನಿಯರಿಂಗ್ ಪರಂಪರೆಯ ದಾಖಲೀಕರಣ ಯೋಜನೆ ಮತ್ತೊಂದು ಕ್ರಮವನ್ನು ಅನುಸರಿಸಿತು. ಅಳತೆಯ ನಕ್ಷೆ, ದೊಡ್ಡ ಗಾತ್ರದ ನೆಗೆಟಿವ್‌ನ ಛಾಯಾಚಿತ್ರ, ಲಿಖಿತ ಇತಿಹಾಸ ಈ ಮೂರನ್ನೂ ಒಂದೇ ಕಡತವಾಗಿ ಸಿದ್ಧಪಡಿಸಿ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇರಿಸುವುದು ಅದರ ವಿಧಾನ. ಛಾಯಾಚಿತ್ರ ಒಂಟಿಯಾಗಿ ಸಾಕ್ಷ್ಯ ನುಡಿಯಲಾರದು ಎಂಬ ಅರಿವು ಇದರ ಹಿಂದಿದೆ. ಕರ್ನಾಟಕದಲ್ಲಿ 1979ರಲ್ಲಿ ಸ್ಥಾಪನೆಗೊಂಡ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಎಂಜಿನ್ನುಗಳು ಮತ್ತು ರಾಜಮನೆತನದ ಗಾಡಿಗಳ ಜೊತೆಗೆ, ರೈಲ್ವೆಯ ಬೆಳವಣಿಗೆಯನ್ನು ತೋರಿಸುವ ಚಿತ್ರಶಾಲೆಯನ್ನೂ ಹೊಂದಿದೆ.

ದುಡಿಯುವ ನೌಕೆಗಳ ವಿಷಯದಲ್ಲಿ ಛಾಯಾಚಿತ್ರದ ಹೊಣೆ ಇನ್ನೂ ಹೆಚ್ಚಿನದು. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಇದಕ್ಕೆ ನಿದರ್ಶನ. ಎಂಜಿನ್ನಿಗೆ ಕಾರ್ಖಾನೆಯ ನಕ್ಷೆಯಾದರೂ ಇರುತ್ತದೆ. ಪಶ್ಚಿಮ ಕರಾವಳಿಯ ಸಾಂಪ್ರದಾಯಿಕ ಮರದ ಹಡಗುಗಳಾದರೋ ಬಹುಮಟ್ಟಿಗೆ ಮೇಸ್ತ್ರಿಯ ಕಣ್ಣಳತೆ ಮತ್ತು ನೆನಪಿನಿಂದ ರೂಪುಗೊಂಡವು. ಅಂಥಲ್ಲಿ ಪಕ್ಕೆಮರಗಳನ್ನು ಜೋಡಿಸುವ ಹಂತದಲ್ಲಿ ತೆಗೆದ ಚಿತ್ರವೇ ನಕ್ಷೆಯ ಸ್ಥಾನವನ್ನು ಪಡೆಯುತ್ತದೆ.

ದಕ್ಷಿಣ ಬೆಂಗಳೂರಿನಲ್ಲಿ ದಾಖಲಾಗಬೇಕಾದುದು

ಉದ್ಘಾಟನೆಯ ದಿನದ ಚಿತ್ರಗಳು ಪತ್ರಿಕೆಗಳಲ್ಲಿ ಉಳಿಯುತ್ತವೆ. ಸಂಶೋಧಕನಿಗೆ ಹೆಚ್ಚು ಬೇಕಾಗುವವು ಅದರ ಹಿಂದಿನ ಮತ್ತು ಮುಂದಿನ ದಿನಗಳ ಚಿತ್ರಗಳು. ಜಯನಗರದ ನಂದಾ ರಸ್ತೆಯ ಮರಗಳನ್ನು ಮೆಟ್ರೋಗಾಗಿ ಕಡಿಯುವುದನ್ನು ವಿರೋಧಿಸಿ 2009ರಲ್ಲಿ ನಾಗರಿಕರು ಪ್ರತಿಭಟಿಸಿದರು. ಅದಕ್ಕೆ ಮುಂಚಿನ ಆ ರಸ್ತೆಯ ಚಿತ್ರಗಳು ಇಂದು ರೈಲು ಇತಿಹಾಸದ ಆಕರಗಳೂ ಹೌದು. ಜಯದೇವ ಆಸ್ಪತ್ರೆಯ ಬಳಿಯ ಮೇಲ್ಸೇತುವೆಯನ್ನು ಮೆಟ್ರೋ ನಿಲ್ದಾಣಕ್ಕಾಗಿ 2020ರಲ್ಲಿ ಕೆಡವಲಾಯಿತು. ಒಂದೇ ಸ್ಥಾನದಿಂದ, ಒಂದೇ ದಿಕ್ಕಿಗೆ, ನಿಯತ ಅವಧಿಯಲ್ಲಿ ತೆಗೆದ ಚಿತ್ರಮಾಲೆಯೊಂದೇ ಇಂತಹ ಸ್ಥಿತ್ಯಂತರವನ್ನು ಹಂತಹಂತವಾಗಿ ತೋರಿಸಬಲ್ಲದು.

ಹಳದಿ ಮಾರ್ಗದ ಗಾಡಿಗಳು ಚಾಲಕರಹಿತ ಸಂಚಾರಕ್ಕೆ ಅನುವಾದ ತಂತ್ರಜ್ಞಾನದವು. ಮೊದಲ ಗಾಡಿ 2024ರ ಫೆಬ್ರವರಿಯಲ್ಲಿ ಹೆಬ್ಬಗೋಡಿ ಡಿಪೋವನ್ನು ತಲುಪಿತು. 2025ರ ಆಗಸ್ಟ್‌ನಲ್ಲಿ ಸಂಚಾರ ಆರಂಭವಾದಾಗ ಇದ್ದುದು ಮೂರು ಗಾಡಿಗಳು ಮಾತ್ರ. ಒಂದು ಗಾಡಿಗೂ ಮುಂದಿನದಕ್ಕೂ 25 ನಿಮಿಷಗಳ ಅಂತರವಿತ್ತು. ಆರಂಭದಲ್ಲಿ ಗಾಡಿಯನ್ನು ನಡೆಸಲು ಚಾಲಕರಿದ್ದರು. ಆ ತಿಂಗಳುಗಳ ಚಿತ್ರ ಎರಡು ಯುಗಗಳ ಸಂಧಿಕಾಲದ ದಾಖಲೆ. ಉಗಿ ಎಂಜಿನ್ನು ನಿಂತಾಗ ಫೈರ್‌ಮನ್ ಎಂಬ ವೃತ್ತಿಯೇ ಕೊನೆಗೊಂಡಿತು. ಆ ವೃತ್ತಿಯ ಕೈಚಳಕ, ಉಡುಪು, ಉಪಕರಣಗಳು ಇಂದು ಬಹುಮಟ್ಟಿಗೆ ಚಿತ್ರಗಳ ಮೂಲಕವೇ ತಿಳಿಯಬೇಕಾದವು. ಚಾಲಕನ ವೃತ್ತಿಗೂ ಅದೇ ಸ್ಥಿತಿ ಒದಗಬಹುದಾದುದರಿಂದ ಅವನ ಕೊಠಡಿ, ಆಸನ, ಕೈಯ ಚಲನೆಗಳು ಈಗಲೇ ದಾಖಲಾಗಬೇಕು. ಹಳಿ ಪರೀಕ್ಷೆ, ಗಾಲಿಗಳ ದುರಸ್ತಿ, ಗಾಡಿ ತೊಳೆಯುವಿಕೆ ಮುಂತಾದ ಡಿಪೋ ಕೆಲಸಗಳೂ ಈ ವ್ಯಾಪ್ತಿಗೆ ಸೇರುತ್ತವೆ. ಡಿಪೋಗಳು ನಿರ್ಬಂಧಿತ ಪ್ರದೇಶಗಳಾದುದರಿಂದ ಇದು ಹವ್ಯಾಸಿಗಳಿಂದ ಆಗುವ ಕೆಲಸವಲ್ಲ. ಸಂಸ್ಥೆಯ ಅನುಮತಿ ಮತ್ತು ಸಹಯೋಗ ಬೇಕು.

ವಿವರಣೆ ಮತ್ತು ಸಂರಕ್ಷಣೆ

ಪ್ರತಿಯೊಂದು ಚಿತ್ರಕ್ಕೂ ದಿನಾಂಕ, ವೇಳೆ, ಸ್ಥಳ, ಕ್ಯಾಮೆರಾ ನೋಡುತ್ತಿದ್ದ ದಿಕ್ಕು, ಗಾಡಿಯ ಸಂಖ್ಯೆ, ನಡೆಯುತ್ತಿದ್ದ ಕೆಲಸ, ತೆಗೆದವರ ಹೆಸರು ಇವು ಕನಿಷ್ಠ ವಿವರಗಳು. ಕೆಲಸಗಾರರ ಹೆಸರನ್ನು ಅವರ ಒಪ್ಪಿಗೆಯಿಂದಲೇ ನಮೂದಿಸಬೇಕು. ಸಾಧ್ಯವಾದಲ್ಲಿ ಅವರ ಮಾತನ್ನೂ ಧ್ವನಿಮುದ್ರಿಸಿಕೊಳ್ಳಬೇಕು. ಉಪಕರಣಗಳಿಗೆ ಅವರು ಬಳಸುವ ಹೆಸರುಗಳು ಕೈಪಿಡಿಗಳಲ್ಲಿ ದೊರೆಯುವುದಿಲ್ಲ.

ಹಳೆಯ ಅಸಿಟೇಟ್ ನೆಗೆಟಿವ್‌ಗಳು ಸೆಖೆ ಮತ್ತು ತೇವಕ್ಕೆ ಹುಳಿವಾಸನೆ ಬೀರುತ್ತ ಮುದುಡುತ್ತವೆ, ವರ್ಣಚಿತ್ರಗಳು ಮಾಸುತ್ತವೆ. ಡಿಜಿಟಲ್ ಚಿತ್ರದ ಅಪಾಯ ಬೇರೆ ಬಗೆಯದು. ಮೊಬೈಲ್ ಫೋನಿನಿಂದ ಸಂದೇಶವಾಗಿ ಕಳುಹಿಸಿದ ಚಿತ್ರ ಗಾತ್ರದಲ್ಲಿ ಕುಗ್ಗುವುದಲ್ಲದೆ, ಅದರಲ್ಲಿ ಅಡಗಿದ್ದ ದಿನಾಂಕ ಮತ್ತು ಸ್ಥಳದ ಮಾಹಿತಿಯನ್ನೂ ಅನೇಕ ವೇಳೆ ಕಳೆದುಕೊಳ್ಳುತ್ತದೆ. ಆದ್ದರಿಂದ ಗ್ರಂಥಾಲಯಗಳು ಮೂಲ ಕಡತವನ್ನೇ ಪಡೆದು, ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿಗಳನ್ನು ಇರಿಸಿ, ವಿವರಗಳನ್ನು ಕನ್ನಡದಲ್ಲಿ ಪ್ರತ್ಯೇಕವಾಗಿ ಬರೆದಿಡುವುದು ಸೂಕ್ತ.

ಸಮಾರೋಪ

ದಕ್ಷಿಣ ಬೆಂಗಳೂರಿನ ಹಳಿಗಳನ್ನು ಹಾಕಿದವರು, ಅವುಗಳ ಮೇಲೆ ಮೊದಲ ಗಾಡಿಯನ್ನು ಓಡಿಸಿದವರು ಇಂದು ನಮ್ಮ ನಡುವೆ ಇದ್ದಾರೆ. ಕಂಬಗಳು ಏಳುವ ಮೊದಲಿನ ರಸ್ತೆಗಳನ್ನು ನೆನಪಿಟ್ಟುಕೊಂಡಿರುವ ನಿವಾಸಿಗಳೂ ಇದ್ದಾರೆ. ಚಿತ್ರವನ್ನು ತೋರಿಸಿ 'ಇದು ಯಾವ ಸ್ಥಳ, ಏನು ಕೆಲಸ' ಎಂದು ಕೇಳಿದರೆ ಉತ್ತರಿಸಬಲ್ಲವರು ಇರುವ ಕಾಲ ಯಾವ ಮಾರ್ಗದ ಇತಿಹಾಸದಲ್ಲೂ ಒಂದೇ ತಲೆಮಾರಿನಷ್ಟು. ಆ ಅವಧಿಯೊಳಗೆ ವಿವರ ಬರೆದಿಟ್ಟ ಚಿತ್ರ ಆಕರವಾಗಿ ಉಳಿಯುತ್ತದೆ. ಉಳಿದವು ನೋಡಲು ಚೆಂದವಾದ ಚಿತ್ರಗಳಷ್ಟೇ ಆಗುತ್ತವೆ.